ತಾನಾಗೇ ಹತ್ತಿಕೊಳ್ಳುವ ಕಸ

ದೀಪಾವಳಿಯ ಸುರ್‌ಸುರ್ ಬತ್ತಿ ನೆನಪಿಸಿಕೊಳ್ಳಿ. ಅದರಿಂದ ಚಿಟಚಿಟ ಅಂತ ನಕ್ಷತ್ರದ ಹಾಗೆ ಹಾರೋದು ಕಬ್ಬಿಣದ ಪುಡಿ. ಅದೇ ಕಬ್ಬಿಣದ ಬಾಣಲೆಯನ್ನ ನಾವು ದಿನಾ ಒಲೆ ಮೇಲಿಟ್ಟು ಒಗ್ಗರಣೆ ಹಾಕ್ತೀವಿ, ಅದು ಯಾವತ್ತೂ ಹೊತ್ತಿ ಉರಿದಿಲ್ಲ. ಲೋಹ ಒಂದೇ, ರೂಪ ಬೇರೆ. ಗಟ್ಟಿ ಮುದ್ದೆಯಾಗಿದ್ದರೆ ಗಾಳಿಗೆ ತಾಗೋದು ಮೇಲ್ಮೈ ಮಾತ್ರ, ಅಲ್ಲಿ ಹುಟ್ಟೋ ಅಲ್ಪಸ್ವಲ್ಪ ಬಿಸಿಯನ್ನ ಉಳಿದ ಮುದ್ದೆ ನುಂಗಿಬಿಡುತ್ತೆ. ಪುಡಿ ಮಾಡಿದರೆ ಎಲ್ಲವೂ ಮೇಲ್ಮೈಯೇ. ಒಂದು ದಿಮ್ಮಿಗೆ ಕಡ್ಡಿ ಗೀರಿದರೆ ಏನೂ ಆಗಲ್ಲ, ಅದೇ ದಿಮ್ಮಿಯ ಹೊಟ್ಟಿಗೆ ಗೀರಿ ನೋಡಿ.

ಇಲ್ಲಿಗೆ ಇನ್ನೊಂದು ಚಿತ್ರ ಸೇರಿಸಿಕೊಳ್ಳಿ: ಹುಲ್ಲಿನ ಬಣವೆ. ನಮ್ಮಜ್ಜಿ ಊರಲ್ಲಿ ಹಸಿ ಹುಲ್ಲನ್ನ ಬಣವೆ ಒಟ್ಟೋಕೆ ಯಾರೂ ಬಿಡ್ತಿರಲಿಲ್ಲ. ಒಳಗೊಳಗೇ ಕಾವು ಕೂಡಿ, ಹೊರಗೆ ಹೋಗೋಕೆ ದಾರಿ ಇಲ್ಲದೆ, ಒಂದಿನ ಯಾರೂ ಕಡ್ಡಿ ಗೀರದೇನೇ ಹೊಗೆ ಬರೋಕೆ ಶುರುವಾಗುತ್ತೆ. ಬೆಂಕಿ ಅಂದರೆ ಯಾರೋ ಹಚ್ಚಬೇಕು ಅನ್ನೋದು ಪೇಟೆಯವರ ಲೆಕ್ಕ, ರೈತರದ್ದಲ್ಲ.

ಈಗ ಆ ಬಣವೆ ಹುಲ್ಲಿನದ್ದಲ್ಲ, ಲೋಹದ ಸಿಪ್ಪೆಗಳದ್ದು ಅಂದುಕೊಳ್ಳಿ. ಆ ಲೋಹ ಕಬ್ಬಿಣವೂ ಅಲ್ಲ, ಪ್ಲುಟೋನಿಯಂ. ಇದು ನಾನಿರುವ ಊರಿನ ಕಥೆ.

ನಾವು ಇರೋದು ಅಮೆರಿಕದ ಕೊಲೊರಾಡೋದಲ್ಲಿ, ಡೆನ್ವರ್‌ಗೂ ಬೋಲ್ಡರ್‌ಗೂ ನಡುವೆ. ನಾನು ಸಾಫ್ಟ್‌ವೇರ್ ಟೆಸ್ಟರ್. ಅಂದರೆ ಬೇರೆಯವರು ಚೆನ್ನಾಗಿದೆ ಅಂದದ್ದು ಎಲ್ಲಿ ಮುರಿಯುತ್ತೆ ಅಂತ ಹುಡುಕೋದಕ್ಕೇ ಸಂಬಳ ತೊಗೊಳ್ಳೋಳು. ಎರಡು ವರ್ಷದಿಂದ ಮನೆ ಹುಡುಕ್ತಿದ್ವಿ. ಗಂಡನಿಗೆ ಒಂದು ಮನೆ ಬಹಳ ಹಿಡಿಸಿತು. ಹಿಂದಿನ ಜಗುಲಿಯಲ್ಲಿ ನಿಂತರೆ ರಾಕಿ ಪರ್ವತಗಳು, ನಡುವೆ ಅಡ್ಡ ಏನೂ ಇಲ್ಲ, ಬರೀ ಹುಲ್ಲುಗಾವಲು. ಆ ಕಡೆಯ ಬೇರೆ ಮನೆಗಳಿಗಿಂತ ಬೆಲೆ ಒಂದಿಷ್ಟು ಕಡಿಮೆ. ಇಷ್ಟು ಒಳ್ಳೆ ಜಾಗ ಯಾಕೆ ಖಾಲಿ ಇದೆ ಅಂತ ಕೇಳಿದ್ದಕ್ಕೆ ಏಜೆಂಟ್ 'ಅದು ವನ್ಯಜೀವಿ ಧಾಮ, ಅಲ್ಲಿ ಯಾರೂ ಕಟ್ಟೋ ಹಾಗಿಲ್ಲ, ನಿಮ್ಮ ನೋಟಕ್ಕೆ ಯಾವತ್ತೂ ಅಡ್ಡಿ ಬರಲ್ಲ' ಅಂದಳು. ಸುಳ್ಳು ಹೇಳಲಿಲ್ಲ. ಅದರ ಹೆಸರು ರಾಕಿ ಫ್ಲಾಟ್ಸ್ ವನ್ಯಜೀವಿ ಧಾಮ.

1952ರಿಂದ 1989ರ ತನಕ ಅಲ್ಲಿ ಕಾರ್ಖಾನೆ ಇತ್ತು. ಅಮೆರಿಕದ ಹೈಡ್ರೋಜನ್ ಬಾಂಬುಗಳಿಗೆ ಕಿಡಿ ಕೊಡೋ ಪ್ಲುಟೋನಿಯಂ ಗುಂಡುಗಳು ತಯಾರಾಗ್ತಿದ್ದದ್ದು ಇಲ್ಲಿ, ಸಾವಿರ ಸಾವಿರ ಲೆಕ್ಕದಲ್ಲಿ. ಬಾಂಬು ಅಂದ ತಕ್ಷಣ ನಮಗೆ ವಿಜ್ಞಾನಿಗಳು, ಕಪ್ಪು ಹಲಗೆ, ಸಮೀಕರಣ ಕಣ್ಣಮುಂದೆ ಬರುತ್ತೆ. ಇಲ್ಲಿ ನಡೀತಿದ್ದದ್ದು ಲೇತ್ ಕೆಲಸ. ಎರಕ ಹೊಯ್ಯೋದು, ಒತ್ತೋದು, ತಿರುಗಿಸಿ ಕೆತ್ತೋದು, ಅಳತೆ ನೋಡೋದು. ಲೇತ್ ಇದ್ದಲ್ಲಿ ಸಿಪ್ಪೆ ಇರುತ್ತೆ.

ಇದನ್ನ ನನಗೆ ಬಿಡಿಸಿ ಹೇಳಿದ್ದು ನಮ್ಮಪ್ಪ. ಪೀಣ್ಯದಲ್ಲಿ ಮೂವತ್ತು ವರ್ಷ ಟರ್ನರ್ ಆಗಿದ್ದವರು. ಅಣುವಿಜ್ಞಾನ ಅವರಿಗೆ ಬೇಕಿಲ್ಲ, ಆದರೆ ಚಿಪ್ಸ್ ಅಂದರೆ ಏನು ಅಂತ ನನಗಿಂತ ಚೆನ್ನಾಗಿ ಗೊತ್ತು. ಭಾನುವಾರದ ವಿಡಿಯೋ ಕಾಲಲ್ಲಿ ಹೀಗ್ಹೀಗೆ, ಲೋಹದ ಕಸಕ್ಕೆ ಬೆಂಕಿ ಬಿದ್ದಿತ್ತಂತೆ ಅಂದೆ.

'ಗಟ್ಟಿ ಪೀಸು ಏನೂ ಮಾಡಲ್ಲ ಕಣಮ್ಮ. ಚಿಪ್ಸೇ ತೊಂದರೆ. ನಮ್ಮಲ್ಲಿ ಮೆಗ್ನೀಷಿಯಂ ಜಾಬ್ ಬಂದಾಗ ಸಾಯಂಕಾಲ ಚಿಪ್ಸ್ ಎಲ್ಲ ಗುಡಿಸಿ ಆಚೆ ಹಾಕದೆ ಮನೆಗೆ ಬಿಡ್ತಿರಲಿಲ್ಲ. ಒಂದಿನ ಹೊಸ ಹುಡುಗ ಒಬ್ಬ ಹೊಗೆ ನೋಡಿ ಬಕೆಟ್ ನೀರು ಎರಚಿಬಿಟ್ಟ. ಢಂ ಅಂತು ನೋಡು, ಚಾವಣಿವರೆಗೂ ಬೆಳಕು.'

'ಆಮೇಲೆ ಏನ್ ಮಾಡಿದ್ರಿ?'

'ಮರಳು. ಕೆಂಪು ಬಕೆಟಲ್ಲಿ ಒಣ ಮರಳು ಇರ್ತಿತ್ತಲ್ಲ, ಅದೇ. ಹಾಕಿ ಮುಚ್ಚಿ ಸುಮ್ಮನೆ ನಿಂತ್ಕೋಬೇಕು. ಕೆದಕಬಾರದು.'

ಆ ಕೆಂಪು ಬಕೆಟ್ಟುಗಳನ್ನ ನಾವೆಲ್ಲ ಪೆಟ್ರೋಲ್ ಬಂಕಲ್ಲಿ ನೋಡಿದೀವಿ, ಅದರೊಳಗೆ ಬೀಡಿ ತುಂಡು, ಎಲೆಯಡಿಕೆ ಉಗುಳು ಬಿಟ್ಟು ಬೇರೇನು ಇದೆ ಅಂತ ಯೋಚಿಸಿಲ್ಲ. ಉರಿಯೋ ಲೋಹಕ್ಕೆ ಆಮ್ಲಜನಕದ ಹಸಿವು ಎಷ್ಟು ಅಂದರೆ ನೀರು ಕೊಟ್ಟರೆ ನೀರನ್ನೇ ಒಡೆದು ಆಮ್ಲಜನಕ ಕಿತ್ತುಕೊಂಡು ಹೈಡ್ರೋಜನ್ ಬಿಡುತ್ತೆ. ಹೈಡ್ರೋಜನ್ ಆಮೇಲೆ ತನ್ನ ಪಾಡಿಗೆ ತಾನು ಸಿಡಿಯುತ್ತೆ. ಆಫೀಸಿನ ಗೋಡೆಗೆ ನೇತುಹಾಕಿರೋ ಇಂಗಾಲದ ಡೈಆಕ್ಸೈಡ್ ಸಿಲಿಂಡರ್ ಹೊಡೆದರೆ ಅದರಲ್ಲಿರೋ ಆಮ್ಲಜನಕವನ್ನೂ ಬಿಡಲ್ಲ. ನಾವು ಬೆಂಕಿ ಆರಿಸೋಕೆ ಇಟ್ಟುಕೊಂಡ ಮಾಮೂಲು ಸಾಮಾನೆಲ್ಲ ಇಲ್ಲಿ ಉರಿಗೆ ಊಟ.

ಮೆಗ್ನೀಷಿಯಂ ಹೊತ್ತಿ ಉರಿದರೆ ಅಂಗಡಿ ಸುಡುತ್ತೆ, ಕೈ ಸುಡುತ್ತೆ, ಅಲ್ಲಿಗೆ ಮುಗೀತು. ಪ್ಲುಟೋನಿಯಂ ವಿಷಯದಲ್ಲಿ ಬೆಂಕಿ ಬರೀ ಶುರು. ಗಟ್ಟಿ ಪ್ಲುಟೋನಿಯಂ ಮುದ್ದೆಯನ್ನ ಕೈಗವಸು ಹಾಕಿ ಹಿಡಿದುಕೊಂಡರೆ ಅದರ ಆಲ್ಫಾ ಕಿರಣ ಕೈಗವಸನ್ನೂ ದಾಟಲ್ಲ, ಒಂದು ಹಾಳೆ ಕಾಗದ ಸಾಕು ತಡೆಯೋಕೆ. ಅದು ಅಪಾಯ ಆಗೋದು ಶ್ವಾಸಕೋಶದ ಒಳಗೆ ಹೋಗಿ ಕೂತಾಗ. ಮುದ್ದೆಯನ್ನ ಯಾರೂ ಉಸಿರಾಡೋಕೆ ಆಗಲ್ಲ. ಆದರೆ ಸುಟ್ಟರೆ? ಹಸಿರು ಮಿಶ್ರಿತ ಕಂದು ಬಣ್ಣದ ನುಣುಪು ಬೂದಿ ಆಗುತ್ತೆ, ಹೊಗೆ ಜೊತೆ ಏಳುತ್ತೆ. ಗಟ್ಟಿಯಾಗಿ ಒಂದು ಡಬ್ಬಿಯಲ್ಲಿ ಕೂತಿದ್ದನ್ನ ಉಸಿರಾಡೋ ಧೂಳಾಗಿ ಮಾಡೋ ಯಂತ್ರವೇ ಬೆಂಕಿ. ಪ್ಲುಟೋನಿಯಂ-239ರ ಅರ್ಧಾಯುಷ್ಯ ಸುಮಾರು 24,100 ವರ್ಷ, ಹಾಗಾಗಿ ಆ ಧೂಳು ಒಂದು ಸಲ ನೆಲಕ್ಕೆ ಬಿದ್ದರೆ ಕಾಯ್ತಾ ಕೂರೋ ಮಾತೇ ಇಲ್ಲ.

ಇನ್ನೊಂದು ವಿಚಿತ್ರ ಇದೆ. ಪ್ಲುಟೋನಿಯಂ ಉರಿಯುವಾಗ ಜ್ವಾಲೆ ಕಾಣಲ್ಲ. ಒಲೆಯೊಳಗಿನ ಕೆಂಡದ ಹಾಗೆ ಕೆಂಪಗೆ ನಿಗಿನಿಗಿ ಅಂತಿರುತ್ತೆ. ಗಟ್ಟಿ ತುಂಡು ಹತ್ತೋಕೆ ಸುಮಾರು 500 ಡಿಗ್ರಿ ಬೇಕು, ಸಿಪ್ಪೆಗೂ ಪುಡಿಗೂ 150ರ ಆಸುಪಾಸು ಸಾಕು. ಮೇಲೆ ಹೈಡ್ರೈಡ್ ಕಟ್ಟಿದ್ದರೆ ಅದೂ ಬೇಡ, ಡಬ್ಬಿ ಮುಚ್ಚಳ ತೆಗೆದರೂ ಹತ್ತಬಹುದು.

1957ರ ಸೆಪ್ಟೆಂಬರ್ 11ರ ರಾತ್ರಿ ಆಗಿದ್ದು ಅದೇ ಥರದ್ದು. ಎರಕದ ಮೂಸೆಯ ಒಳಮೈಗೆ ಅಂಟಿಕೊಂಡು ಉಳಿಯೋ ತೆಳ್ಳನೆ ಚಿಪ್ಪಿನಂಥ ಪ್ಲುಟೋನಿಯಂ ಅನ್ನು, ಅನ್ನದ ತಪ್ಪಲೆಯ ಸೀಕಿನ ಹಾಗೆ ಅಂದುಕೊಳ್ಳಿ, ಗ್ಲೋವ್‌ಬಾಕ್ಸ್ ಒಳಗೆ ಡಬ್ಬಿಯಲ್ಲಿ ಇಟ್ಟಿದ್ದರು. ಗ್ಲೋವ್‌ಬಾಕ್ಸ್ ಅಂದರೆ ಗಾಜಿನಂಥ ಕಿಟಕಿ ಇರೋ ಪೆಟ್ಟಿಗೆ, ಪಕ್ಕದಲ್ಲಿ ಉದ್ದ ರಬ್ಬರ್ ಕೈಗವಸು. ಹೊರಗಿಂದ ಅದರೊಳಗೆ ಕೈ ತೂರಿಸಿ ಕೆಲಸ ಮಾಡೋದು. ಆ ಚಿಪ್ಪು ತಾನಾಗೇ ಹೊತ್ತಿಕೊಂಡಿತು. ಕಿಟಕಿ ಪ್ಲಾಸ್ಟಿಕ್ಕಿನದು, ಕೈಗವಸು ರಬ್ಬರಿನದು, ಎರಡೂ ಹತ್ತಿದವು. ಇಂಗಾಲದ ಡೈಆಕ್ಸೈಡ್ ಹೊಡೆದರು, ಬಗ್ಗಲಿಲ್ಲ. ನೀರು ಹಾಕೋಕೆ ಹಿಂಜರಿದರು, ಅದಕ್ಕೆ ಕಾರಣ ಮೆಗ್ನೀಷಿಯಂ ಥರದ ಸ್ಫೋಟ ಮಾತ್ರ ಅಲ್ಲ. ಪ್ಲುಟೋನಿಯಂ ಸುತ್ತ ನೀರು ನಿಂತರೆ ನ್ಯೂಟ್ರಾನುಗಳ ವೇಗ ತಗ್ಗಿ ಸರಪಳಿ ಕ್ರಿಯೆ ಶುರುವಾಗೋ ಭಯ. ಬಾಂಬಿನ ಹಾಗೆ ಸಿಡಿಯಲ್ಲ, ಆದರೆ ಹತ್ತಿರ ನಿಂತವನು ಬದುಕೋದು ಕಷ್ಟ.

ಹೊಗೆ ಹೋಗಲಿ ಅಂತ ಫ್ಯಾನುಗಳನ್ನ ಪೂರ್ತಿ ವೇಗಕ್ಕೆ ಏರಿಸಿದರು. ಒಲೆಗೆ ಊದುಕೊಳವೆ ಹಿಡಿದ ಹಾಗಾಯಿತು. ಬೆಂಕಿ ಗಾಳಿ ಕೊಳವೆ ಹಿಡಿದು ಮೇಲೆ ಫಿಲ್ಟರುಗಳಿಗೆ ಹೋಯಿತು. ಆ ಫಿಲ್ಟರುಗಳಲ್ಲಿ ವರ್ಷಗಳ ಪ್ಲುಟೋನಿಯಂ ಧೂಳು ಕೂತಿತ್ತು, ಜೊತೆಗೆ ಫಿಲ್ಟರುಗಳೇ ಸುಡೋ ಸಾಮಾನಿನಿಂದ ಮಾಡಿದ್ದವು. ಕೊಳವೆಯಲ್ಲಿ ಸ್ಫೋಟವೂ ಆಯಿತು. ಕೊನೆಗೆ ಬೇರೆ ದಾರಿ ಇಲ್ಲದೆ ನೀರೇ ಹೊಡೆದರು, ಅದೃಷ್ಟಕ್ಕೆ ಸರಪಳಿ ಕ್ರಿಯೆ ಆಗಲಿಲ್ಲ. ಪೂರ್ತಿ ಆರೋದಕ್ಕೆ ಹದಿಮೂರು ಗಂಟೆ ಹಿಡಿಯಿತು. ಕೆಳಗೆ ಡೆನ್ವರ್ ಮಲಗಿತ್ತು.

ಇದಾಗಿ ಒಂದು ತಿಂಗಳಿಗೆ, ಅಕ್ಟೋಬರ್ 10ರಂದು, ಇಂಗ್ಲೆಂಡಿನ ವಿಂಡ್‌ಸ್ಕೇಲ್‌ನಲ್ಲಿ ರಿಯಾಕ್ಟರ್ ಒಳಗಿನ ಯುರೇನಿಯಂ ಲೋಹವೇ ಉರೀತಿರೋದು ಕಂಡಿತು. ಅದು ಕಸವಲ್ಲ, ಇಂಧನ, ಹಾಗಾಗಿ ಬೇರೆ ಕಥೆ. ಆದರೆ ಅಲ್ಲೂ ಇಂಗಾಲದ ಡೈಆಕ್ಸೈಡ್ ಮೊದಲು, ಅದು ಸೋತಮೇಲೆ ನೀರು, ಆಮೇಲೆ ಗಾಳಿ ನಿಲ್ಲಿಸಿದ ಮೇಲೇ ಬೆಂಕಿ ತಗ್ಗಿದ್ದು. ಒಂದೇ ಶರತ್ಕಾಲದಲ್ಲಿ ಎರಡು ದೇಶ, ಎರಡು ಬೆಂಕಿ, ಇಬ್ಬರೂ ಒಂದೇ ಪಾಠ ಕಲಿತರು, ಇಬ್ಬರೂ ತಮ್ಮ ತಮ್ಮ ಗುಟ್ಟು ಅಂತ ಒಳಗಿಟ್ಟುಕೊಂಡರು. ರಾಕಿ ಫ್ಲಾಟ್ಸ್‌ನ ಆ ರಾತ್ರಿಯ ಪೂರ್ತಿ ವಿವರ ಇಲ್ಲಿನ ಜನಕ್ಕೆ ಗೊತ್ತಾಗಿದ್ದು ಇನ್ನೊಂದು ಬೆಂಕಿ ಆದಮೇಲೆ.

ಆ ಇನ್ನೊಂದು ಬಿದ್ದದ್ದು 1969ರ ಮೇ 11, ಭಾನುವಾರ, ಅಮೆರಿಕದವರ ಅಮ್ಮಂದಿರ ದಿನ. ರಜೆ, ಕಟ್ಟಡದಲ್ಲಿ ಜನ ಕಡಿಮೆ. ನಾನು ಟೆಸ್ಟರ್ ಅಂದೆನಲ್ಲ, ನನಗೆ ನಿದ್ದೆಗೆಡಿಸಿದ ಬೆಂಕಿ ಇದು, ಯಾಕಂದರೆ ಇಲ್ಲಿ ಮುರಿದದ್ದೆಲ್ಲ ಯಾವುದೋ ಒಳ್ಳೇ ಉದ್ದೇಶಕ್ಕೆ ಮಾಡಿದ್ದೇ.

ಲೇತಿನಿಂದ ಬಂದ ಸಿಪ್ಪೆಗೆ ಎಣ್ಣೆ ಹತ್ತಿರುತ್ತೆ. ಅದನ್ನ ಕಾರ್ಬನ್ ಟೆಟ್ರಾಕ್ಲೋರೈಡಿನಲ್ಲಿ ತೊಳೆದು, ಒತ್ತಿ ಬಿಲ್ಲೆ ಮಾಡಿ, ಮತ್ತೆ ಕರಗಿಸೋಕೆ ಕಳಿಸ್ತಿದ್ದರು. ಒಂದು ಚೂರೂ ಪೋಲಾಗಬಾರದು, ಬಂಗಾರಕ್ಕಿಂತ ದುಬಾರಿ ಮಾಲು. ಅಂಥದ್ದೊಂದು ಬಿಲ್ಲೆ, ಡಬ್ಬಿಯಲ್ಲಿ ಇಟ್ಟಿದ್ದು, ತಾನಾಗೇ ಕಾದು ಹತ್ತಿತು ಅಂತ ತನಿಖೆಯವರ ತೀರ್ಮಾನ. ಬಣವೆಯ ಲೆಕ್ಕವೇ. ಡಬ್ಬಿ ಇದ್ದದ್ದು ಒಂದು ದೊಡ್ಡ ಕಪಾಟಿನೊಳಗೆ. ಕೆಲಸಗಾರರಿಗೆ ವಿಕಿರಣ ತಾಗಬಾರದು ಅಂತ ಆ ಕಪಾಟಿಗೆ ಒತ್ತಿ ಮಾಡಿದ ಮರದ ಹಲಗೆ, ಪ್ಲಾಸ್ಟಿಕ್ ಎಲ್ಲ ದಪ್ಪಗೆ ಹೊದಿಸಿದ್ದರು, ಟನ್ ಲೆಕ್ಕದಲ್ಲಿ. ನ್ಯೂಟ್ರಾನ್ ತಡೆಯೋಕೆ ಒಳ್ಳೇ ಸಾಮಾನು, ಬೆಂಕಿಗೂ ಒಳ್ಳೇ ಸೌದೆ. ಶಾಖ ಗುರುತಿಸೋ ಸೆನ್ಸರ್‌ಗಳು ಇದ್ದವು, ಆದರೆ ಅವಕ್ಕೂ ಡಬ್ಬಿಗೂ ನಡುವೆ ಇದೇ ಹಲಗೆ. ಕೆಳಗಿರೋ ಸೆನ್ಸರ್‌ಗೆ ಬಿಸಿ ತಟ್ಟೋ ಹೊತ್ತಿಗೆ ಮೇಲೆಲ್ಲ ಹಬ್ಬಿಯಾಗಿತ್ತು. ಪೆಟ್ಟಿಗೆಯಿಂದ ಪೆಟ್ಟಿಗೆಗೆ ಮಾಲು ಸಾಗಿಸೋ ಉದ್ದನೆಯ ಸಾಲು ಕಟ್ಟಡದ ತುಂಬಾ, ನಡುವೆ ಬೆಂಕಿ ತಡೆಯೋ ಗೋಡೆ ಇಲ್ಲ. ರೈಲು ಬೋಗಿಗಳ ಹಾಗೆ ಒಂದರಿಂದ ಒಂದಕ್ಕೆ ದಾಟಿಕೊಂಡು ಹೋಯಿತು.

ಅಗ್ನಿಶಾಮಕದವರು ಬಂದರು. ಕೈಗಾಡಿಯಲ್ಲಿದ್ದ ಇಂಗಾಲದ ಡೈಆಕ್ಸೈಡ್ ಖಾಲಿ ಮಾಡಿದರು, ಏನೂ ಆಗಲಿಲ್ಲ. ಕೆಲವೇ ನಿಮಿಷದಲ್ಲಿ ಅವರ ಕ್ಯಾಪ್ಟನ್ ನಿಯಮ ಬದಿಗಿಟ್ಟು ನೀರಿಗೆ ಆದೇಶ ಕೊಟ್ಟರು. ಹೊಗೆ ಎಷ್ಟಿತ್ತು ಅಂದರೆ ಮುಂದೆ ಹಿಡಿದ ಕೈ ಕಾಣದ ಕತ್ತಲೆ. ನೀರು ನೇರ ಪ್ಲುಟೋನಿಯಂ ಮೇಲೆ ಜೋರಾಗಿ ಬಿದ್ದು ಅದನ್ನ ಒಂದೆಡೆ ಗುಡ್ಡೆ ಮಾಡಿದರೆ ಏನಾಗುತ್ತೆ ಅನ್ನೋ ಲೆಕ್ಕ ತಲೇಲಿ ಇಟ್ಟುಕೊಂಡು ಆ ಕತ್ತಲೆಯಲ್ಲಿ ಪೈಪು ಹಿಡಿದವರ ಬಗ್ಗೆ ನನಗೆ ಹೇಳೋಕೆ ಮಾತಿಲ್ಲ. ಮೇಲೆ ಚಾವಣಿ ಮೆತ್ತಗಾಗೋಕೆ ಶುರುವಾಗಿತ್ತು. ಅದು ಸೀಳಿದ್ದರೆ ಬೂದಿ ಆಕಾಶಕ್ಕೆ. ಸೀಳಲಿಲ್ಲ. ಸಂಜೆ ಹೊತ್ತಿಗೆ ಹತೋಟಿಗೆ ಬಂತು, ಆದರೆ ಕೆಂಡಗಳು ರಾತ್ರಿಯಿಡೀ ಅಲ್ಲಲ್ಲಿ ಮತ್ತೆ ಮತ್ತೆ ಮುಖ ತೋರಿಸ್ತಾನೇ ಇದ್ದವು. ಆ ದಿನ ಯಾರೂ ಸಾಯಲಿಲ್ಲ. ಆ ಕಾಲಕ್ಕೆ ಅಮೆರಿಕದ ಅತಿ ದುಬಾರಿ ಕೈಗಾರಿಕಾ ಅಪಘಾತ ಅದು, ಕಟ್ಟಡ ತೊಳೆಯೋಕೇ ವರ್ಷಗಳು ಹಿಡಿದವು.

ಇದನ್ನ ಅಪ್ಪನಿಗೆ ಹೇಳ್ತಾ ಹೋದೆ. ಅವರು ಕೇಳಿದ್ದು ಒಂದೇ ಪ್ರಶ್ನೆ. 'ಭಾನುವಾರ ರಜಾ ಅಂತ ಗೊತ್ತಿದ್ದೂ ಶನಿವಾರ ಯಾಕೆ ಚಿಪ್ಸ್ ಕ್ಲೀನ್ ಮಾಡಿ ಹೋಗಲಿಲ್ಲ?'

ಕಾರ್ಖಾನೆಯಲ್ಲಿ ಕಸ ಯಾವತ್ತೂ ಕೊನೆಯ ಕೆಲಸ. ಬಾಂಬಿಗೆ ಗಡುವು ಇರುತ್ತೆ, ಸಿಪ್ಪೆಗೆ ಇರಲ್ಲ. ನಮ್ಮ ಆಫೀಸಲ್ಲೂ ಹೊಸ ಫೀಚರ್‌ಗೆ ದಿನಾಂಕ ಇರುತ್ತೆ, ಹಳೇ ಕೋಡ್ ತೆಗೆಯೋದಕ್ಕೆ 'ಮುಂದಿನ ಕ್ವಾರ್ಟರ್ ನೋಡೋಣ' ಇರುತ್ತೆ. ಇಷ್ಟೇ ಹೋಲಿಕೆ, ನಮ್ಮ ಹಳೇ ಕೋಡ್ ಹೊತ್ತಿ ಉರಿಯಲ್ಲ.

ಬೆಂಕಿ ಆದಮೇಲೆ ಬೋಲ್ಡರಿನ ವಾತಾವರಣ ಸಂಶೋಧನಾ ಕೇಂದ್ರದ ರಸಾಯನ ವಿಜ್ಞಾನಿ ಎಡ್ ಮಾರ್ಟೆಲ್, ಸರ್ಕಾರ ಮಾಡಲಿಲ್ಲ ಅಂತ ತಾವೇ ಸಹೋದ್ಯೋಗಿ ಜೊತೆ ಹೋಗಿ ಕಾರ್ಖಾನೆಯ ಬೇಲಿಯಾಚೆ ಮಣ್ಣು ತಂದು ಪರೀಕ್ಷೆ ಮಾಡಿದರು. ಪ್ಲುಟೋನಿಯಂ ಸಿಕ್ಕಿತು. ಆದರೆ ಅದರಲ್ಲಿ ಬಹುಪಾಲು 1969ರ ಬೆಂಕಿಯದ್ದೇ ಅಲ್ಲ! ಅದೇ ಸಿಪ್ಪೆ ತೊಳೆದ ಎಣ್ಣೆ, ಟೆಟ್ರಾಕ್ಲೋರೈಡನ್ನ ಐದು ಸಾವಿರಕ್ಕೂ ಹೆಚ್ಚು ಡ್ರಮ್ಮುಗಳಲ್ಲಿ ತುಂಬಿ 1958ರಿಂದ ಬಯಲಲ್ಲಿ ಸಾಲಾಗಿ ನಿಲ್ಲಿಸಿದ್ದರು. ಮಳೆ, ಹಿಮಕ್ಕೆ ಡ್ರಮ್ಮು ತುಕ್ಕು ಹಿಡಿದು ಸೋರಿ, ಮಣ್ಣು ನೆನೆದು, ಒಣಗಿ, ಗಾಳಿಗೆ ಹಾರಿತ್ತು. ಬೆಂಕಿಗೆ ಹೆದರಿ ಎಣ್ಣೆಯಲ್ಲಿ ಅದ್ದಿದ್ದು ಒಂದು ಥರ ಅಪಾಯ ತಂದರೆ, ಎಣ್ಣೆ ಸೋರಿದ್ದು ಇನ್ನೊಂದು ಥರ.

ಗಾಳಿ ಅಂದೆ. ರಾಕಿ ಫ್ಲಾಟ್ಸ್ ಪಕ್ಕದಲ್ಲೇ ಅಮೆರಿಕ ಸರ್ಕಾರ ಗಾಳಿಯಂತ್ರ ಪರೀಕ್ಷಾ ಕೇಂದ್ರ ಕಟ್ಟಿದೆ. ಸುಮ್ಮನೆ ಕಟ್ಟಿಲ್ಲ. ಚಳಿಗಾಲದಲ್ಲಿ ಬೆಟ್ಟದಿಂದ ಇಳಿಯೋ ಗಾಳಿಗೆ ಕಾರಿನ ಬಾಗಿಲು ತೆಗೆಯೋಕೆ ಹೆದರಿಕೆ ಆಗುತ್ತೆ.

ಕಸದ ಡಬ್ಬಿ ಮುಚ್ಚಿ ಗಟ್ಟಿಯಾಗಿ ಬೆಸೆದುಬಿಟ್ಟರೆ ಗಾಳಿ ಹೋಗಲ್ಲ, ಬೆಂಕಿ ಹತ್ತಲ್ಲ, ಮುಗೀತಲ್ಲ ಅಂತ ನನ್ನ ಗಂಡ ಕೇಳಿದ. ಸಹಜ ಪ್ರಶ್ನೆ. ಪ್ಲುಟೋನಿಯಂ ಸಿಪ್ಪೆಯನ್ನ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಡಬ್ಬಿಗೆ ಹಾಕಿದರೆ ವಿಕಿರಣಕ್ಕೆ ಪ್ಲಾಸ್ಟಿಕ್ ಒಡೆದು ಹೈಡ್ರೋಜನ್ ಬಿಡುತ್ತೆ. ಅದು ಲೋಹದ ಜೊತೆ ಸೇರಿ ಹೈಡ್ರೈಡ್ ಆಗುತ್ತೆ, ಅಂದರೆ ಮೊದಲಿಗಿಂತ ಬೇಗ ಹತ್ತೋ ಪುಡಿ. ಲೋಹ ಆಕ್ಸೈಡ್ ಆಗ್ತಾ ಉಬ್ಬುತ್ತೆ, ಡಬ್ಬಿಯನ್ನ ಒಳಗಿಂದ ಒದ್ದು ಸೀಳುತ್ತೆ. ನೀರಲ್ಲಿ ಮುಳುಗಿಸಿಟ್ಟರೆ? ಇಂಗ್ಲೆಂಡಿನ ಸೆಲ್ಲಾಫೀಲ್ಡಿನಲ್ಲಿ, ವಿಂಡ್‌ಸ್ಕೇಲ್ ಇದ್ದ ಜಾಗದಲ್ಲೇ, ರಿಯಾಕ್ಟರ್ ಇಂಧನದಿಂದ ಸುಲಿದ ಮೆಗ್ನೀಷಿಯಂ ಮಿಶ್ರಲೋಹದ ಸಿಪ್ಪೆಯನ್ನ 1960ರ ದಶಕದಿಂದ ನೀರು ತುಂಬಿದ ಕಾಂಕ್ರೀಟ್ ಕಣಜಗಳಿಗೆ ಹಾಕ್ತಾ ಬಂದರು. ಬೆಂಕಿ ಹತ್ತಲಿಲ್ಲ, ಆದರೆ ಲೋಹ ನೀರಲ್ಲಿ ಕೊಳೆತು ಹೈಡ್ರೋಜನ್ ಬಿಡ್ತಾನೇ ಇದೆ. ಆ ಕಸ ಹೊರಗೆ ತೆಗೆಯೋಕೆ ಶುರು ಮಾಡಿದ್ದು 2022ರಲ್ಲಿ. ಸ್ಕಾಟ್ಲೆಂಡಿನ ಡೂನ್‌ರೇಯಲ್ಲಿ ಇನ್ನೂ ಸುಲಭದ ದಾರಿ ಹಿಡಿದಿದ್ದರು, 65 ಮೀಟರ್ ಆಳದ ಬಾವಿಯೊಳಗೆ ಎಸೆಯೋದು. ಸೋಡಿಯಂ, ಪೊಟ್ಯಾಶಿಯಂ ಕೂಡ ಅದರೊಳಗೆ ಹೋಯಿತು. ಪಿಯುಸಿ ಲ್ಯಾಬಲ್ಲಿ ಸೀಮೆಎಣ್ಣೆ ಬಾಟಲಿಯಿಂದ ಕಡಲೆಕಾಳಿನಷ್ಟು ಸೋಡಿಯಂ ತೆಗೆದು ನೀರಿಗೆ ಹಾಕಿದಾಗ ಅದು ಓಡಾಡಿ ಟಪ್ ಅಂದದ್ದು ನೋಡಿದವರಿಗೆ ಮುಂದಿನದ್ದು ಹೇಳಬೇಕಿಲ್ಲ. 1977ರ ಮೇ 10ರಂದು ಬಾವಿಯ ಕಾಂಕ್ರೀಟ್ ಮುಚ್ಚಳ ಹಾರಿಹೋಯಿತು.

ಹಾಗಾದರೆ ಸರಿಯಾದ ದಾರಿ ಯಾವುದು? ಕೇಳಿದರೆ ನಗು ಬರುತ್ತೆ: ಬೇಕಂತಲೇ ಸುಡೋದು. ಬೂದಿಗೆ ಮತ್ತೆ ಬೆಂಕಿ ಹತ್ತಲ್ಲ. ಹತೋಟಿಯಲ್ಲಿ, ಮುಚ್ಚಿದ ಪೆಟ್ಟಿಗೆಯೊಳಗೆ, ಪ್ಲುಟೋನಿಯಂ ಪುಡಿಯನ್ನ 950 ಡಿಗ್ರಿಗೆ ಕಾಯಿಸಿ ಪೂರ್ತಿ ಆಕ್ಸೈಡ್ ಮಾಡಿ, ತೇವ ಇಲ್ಲದ ಹಾಗೆ, ಪ್ಲಾಸ್ಟಿಕ್ ಇಲ್ಲದ ಹಾಗೆ, ಒಂದರೊಳಗೊಂದು ಸ್ಟೀಲ್ ಡಬ್ಬಿಯಲ್ಲಿಟ್ಟು ಬೆಸೆಯೋದು. ನಮ್ಮ ಕೈಗಾದ ರಿಯಾಕ್ಟರುಗಳಲ್ಲಿ ಇರೋ ಇಂಧನವೂ ಯುರೇನಿಯಂ ಲೋಹವಲ್ಲ, ಯುರೇನಿಯಂ ಡೈಆಕ್ಸೈಡಿನ ಬಿಲ್ಲೆ, ಒಲೆಯಲ್ಲಿ ಬೆಂದ ಮಡಕೆಯ ಥರ. ವಿಕಿರಣದ ತಲೆನೋವು ಹಾಗೇ ಇರುತ್ತೆ, ಇಂಧನ ತಾನಾಗೇ ಹೊತ್ತಿಕೊಳ್ಳೋ ತಲೆನೋವಂತೂ ಇಲ್ಲ. ಸುಡೋದಕ್ಕೆ ಮುಂಚಿನ ಲೋಹಕ್ಕೆ ಸಾರಜನಕ ಇಲ್ಲವೇ ಆರ್ಗಾನ್ ತುಂಬಿದ ಪೆಟ್ಟಿಗೆ. ಅಷ್ಟಾಗಿಯೂ ಹತ್ತಿದರೆ ಒಣ ಮೆಗ್ನೀಷಿಯಂ ಆಕ್ಸೈಡ್ ಮರಳು. ಹಾಕಿ, ಮುಚ್ಚಿ, ಕೆದಕದೆ ನಿಲ್ಲೋದು. ಅಪ್ಪನಿಗೆ ಹೇಳಿದಾಗ 'ಮತ್ತೆ? ನಾನು ಅವತ್ತೇ ಹೇಳ್ಲಿಲ್ವಾ' ಅಂದರು.

ರಾಕಿ ಫ್ಲಾಟ್ಸ್‌ನಲ್ಲಿ ಇದೆಲ್ಲ ಸರಿಯಾಗಿ ನಡೆದದ್ದು ಕಾರ್ಖಾನೆ ನಿಂತಮೇಲೆ. 1989ರ ಜೂನ್ 6ರಂದು ಎಫ್‌ಬಿಐ ದಾಳಿ ಮಾಡಿತು, ಒಂದು ಸರ್ಕಾರಿ ಇಲಾಖೆ ಇನ್ನೊಂದು ಇಲಾಖೆಯ ಕಾರ್ಖಾನೆ ಮೇಲೆ. ಕೆಲವೇ ತಿಂಗಳಲ್ಲಿ ಕೆಲಸ ನಿಂತಿತು, ಹಿಡಿದ ಮಾಲನ್ನ ಇದ್ದಲ್ಲೇ ಬಿಟ್ಟರು. ಹತ್ತು ಟನ್‌ಗೂ ಮಿಕ್ಕಿದ ಪ್ಲುಟೋನಿಯಂ ಡಬ್ಬಿಗಳಲ್ಲಿ, ಪೆಟ್ಟಿಗೆಗಳಲ್ಲಿ. ಗಾಳಿ ಕೊಳವೆಗಳಲ್ಲೇ ಕೂತಿದ್ದ ಧೂಳು ಸುಮಾರು 28 ಕಿಲೊ. ಅದನ್ನೆಲ್ಲ ಕಾಯಿಸಿ, ಬೆಸೆದು, ಸೌತ್ ಕೆರೊಲೈನಾಗೂ ಬೇರೆ ಕಡೆಗೂ ಸಾಗಿಸಿ, ಕಟ್ಟಡ ಕೆಡವಿ, 2005ರಲ್ಲಿ ಸ್ವಚ್ಛ ಆಯಿತು ಅಂದರು. 2018ರಲ್ಲಿ ಹೊರವಲಯ ವನ್ಯಜೀವಿ ಧಾಮವಾಗಿ ತೆರೆಯಿತು. ಕಾರ್ಖಾನೆ ಇದ್ದ ನಡುವಿನ ಜಾಗಕ್ಕೆ ಇವತ್ತಿಗೂ ಬೇಲಿ.

ನಾವು ಅಲ್ಲಿ ನಡೆದಾಡಿ ಬಂದೆವು. ಜಿಂಕೆಗಳ ಅಣ್ಣನಂತಿರೋ ಎಲ್ಕ್ ಹಿಂಡು, ಮೊಣಕಾಲುದ್ದ ಹುಲ್ಲು, ಒಳ್ಳೇ ಬಿಸಿಲು. ಮಗಳಿಗೆ ಮೂರು ವರ್ಷ, ಮಣ್ಣು ಕಂಡರೆ ಕೂತುಬಿಡ್ತಾಳೆ. ನಾನು ಅವಳನ್ನ ಎತ್ತಿಕೊಂಡೇ ನಡೆದೆ, ಗಂಡ ಏನೂ ಅನ್ನಲಿಲ್ಲ. ಲೆಕ್ಕ ಅವನ ಪರವಾಗಿಯೇ ಇತ್ತು. ಮೇಲ್ಮಣ್ಣಿಗೆ ಗ್ರಾಮಿಗೆ 50 ಪಿಕೊಕ್ಯೂರಿ ಮಿತಿ ಇಟ್ಟು ಸ್ವಚ್ಛ ಮಾಡಿದ್ದಾರೆ, ಬಹುಪಾಲು ಮಾದರಿಗಳು ಅದಕ್ಕಿಂತ ತುಂಬಾ ಕೆಳಗೆ. 2019ರಲ್ಲಿ ಹೆದ್ದಾರಿ ಯೋಜನೆಗೆಂದು ಪೂರ್ವದ ಅಂಚಿನಲ್ಲಿ ತೆಗೆದ ಒಂದು ಮಾದರಿಯಲ್ಲಿ ಮಾತ್ರ 264 ಬಂತು. ಅವನು ಸರಾಸರಿ ಓದಿದ, ನಾನು ಆ ಒಂದನ್ನ ಓದಿದೆ. ಮದುವೆ ಅಂದರೆ ಹೀಗೇ.

ಆ ಮನೆ ತೊಗೊಳ್ಳಲಿಲ್ಲ. ನಿಜ ಹೇಳಬೇಕು ಅಂದರೆ ತೀರ್ಮಾನ ಮಾಡಿಸಿದ್ದು ಪ್ಲುಟೋನಿಯಂಗಿಂತ ಹೆಚ್ಚಾಗಿ ಹುಲ್ಲು. 2021ರ ಡಿಸೆಂಬರ್ 30ರಂದು ಇದೇ ಬೆಟ್ಟದ ಗಾಳಿಗೆ ಹುಲ್ಲುಬೆಂಕಿ ಎದ್ದು ಸುಪೀರಿಯರ್, ಲೂಯಿವಿಲ್ ಊರುಗಳಲ್ಲಿ ಸಾವಿರಕ್ಕೂ ಹೆಚ್ಚು ಮನೆ ಸುಟ್ಟುಹೋದವು. ರಾಕಿ ಫ್ಲಾಟ್ಸ್‌ನ ಉತ್ತರಕ್ಕೆ ಕೆಲವೇ ಮೈಲಿ. ನಮಗೆ ಗೊತ್ತಿರೋ ಕನ್ನಡದ ಕುಟುಂಬವೊಂದು ಆವತ್ತು ಪಾಸ್‌ಪೋರ್ಟು, ಮಕ್ಕಳು, ದೇವರ ಪೆಟ್ಟಿಗೆ ಇಷ್ಟು ಹಿಡಿದು ಹೊರಟು ನಮ್ಮ ಅಪಾರ್ಟ್‌ಮೆಂಟಿಗೆ ಬಂದಿದ್ದರು, ಹನ್ನೊಂದು ದಿನ ಇದ್ದರು. ಆ ಗಾಳಿ ಸ್ವಲ್ಪ ದಿಕ್ಕು ಬದಲಿಸಿ ಧಾಮದ ಹುಲ್ಲಿಗೆ ಬಿದ್ದಿದ್ದರೆ? ಮಣ್ಣಿನಲ್ಲಿ ಇರೋದು ಬೂದಿಯೇ, ಅದು ಮತ್ತೆ ಹತ್ತಲ್ಲ, ಅದು ಗೊತ್ತು. ಆದರೆ ಹುಲ್ಲು ಸುಟ್ಟ ಬರಿ ನೆಲದ ಧೂಳು ಗಾಳಿಗೆ ಎಷ್ಟು ಏಳುತ್ತೆ ಅನ್ನೋದು ಬೇರೆ ಪ್ರಶ್ನೆ. 2015ರಲ್ಲಿ ಅಲ್ಲಿನ ಒಣಹುಲ್ಲನ್ನ ಹತೋಟಿಯಲ್ಲಿ ಸುಡೋ ಯೋಜನೆಯನ್ನ ಜನರ ವಿರೋಧಕ್ಕೆ ಕೈಬಿಟ್ಟರು. ಸುಡೋದೂ ಕಷ್ಟ, ಬಿಡೋದೂ ಕಷ್ಟ. ಮನೆ ವಿಮೆಯವರು ಹೇಳಿದ ಕಂತು ನೋಡಿದ ಮೇಲೆ ಗಂಡನೂ ಸುಮ್ಮನಾದ.

ಇನ್ನು ಕಾರ್ಖಾನೆಯ ಕಸ. ಇಲ್ಲಿಂದ ಹೋಯಿತು ಅಂದೆನಲ್ಲ. 1954ರಿಂದ 1970ರ ತನಕ ಹೋದದ್ದು ಬಹಳಷ್ಟು ಐಡಹೋ ಮರುಭೂಮಿಗೆ. ಅಲ್ಲಿ ಹಳ್ಳ ತೋಡಿ ಡ್ರಮ್ಮುಗಳನ್ನ ಹೂತರು, ಎಷ್ಟೋ ಕಡೆ ಟ್ರಕ್ಕಿನಿಂದ ಸುಮ್ಮನೆ ಉರುಳಿಸಿ ಮಣ್ಣೆಳೆದರು. 1969ರ ಬೆಂಕಿಯ ಅವಶೇಷವೂ ಅಲ್ಲಿಗೇ ಹೋಯಿತು. ಕೆಳಗೆ ಸ್ನೇಕ್ ನದಿ ಬಯಲಿನ ಅಂತರ್ಜಲ ಇದೆ ಅಂತ ಆಮೇಲೆ ಎಲ್ಲ ಅಗೆದು ತೆಗೆಯೋ ಕೆಲಸ ಶುರುವಾಯಿತು. 2005ರಲ್ಲಿ ಹಾಗೆ ಅಗೆಯುವಾಗ ಯುರೇನಿಯಂ ಇದ್ದ ಒಂದು ಡ್ರಮ್ಮು ಗಾಳಿ ಕಂಡದ್ದೇ ಹೊತ್ತಿಕೊಂಡಿತು, ಮಣ್ಣು ಮುಚ್ಚಿ ಆರಿಸಿದರು. ಆಮೇಲೆ 2018ರ ಏಪ್ರಿಲ್ 11. ಹಗಲು ಹಳೇ ಡ್ರಮ್ಮುಗಳ ರಾಡಿಯನ್ನ ತಟ್ಟೆಗೆ ಸುರಿದು, ನೋಡಿ, ಹೊಸ ಡ್ರಮ್ಮಿಗೆ ತುಂಬಿ ಮುಚ್ಚಳ ಹಾಕಿ ಕೆಲಸಗಾರರು ಮನೆಗೆ ಹೋಗಿದ್ದರು. ಅದು ಪೂರ್ತಿ ಆಕ್ಸೈಡ್ ಆದ ಯುರೇನಿಯಂ ಅಂತ ಕಾಗದದಲ್ಲಿ ಇತ್ತು. ಒಳಗೆ ಒಂದಿಷ್ಟು ಲೋಹ ಹಾಗೇ ಉಳಿದಿತ್ತು. ಅರ್ಧ ಶತಮಾನ ಮಣ್ಣೊಳಗೆ ಸುಮ್ಮನಿದ್ದದ್ದಕ್ಕೆ ಆ ಹಗಲು ಗಾಳಿ ತಾಗಿತು. ಅದು ಕಾಯೋಕೆ ಶುರುವಾಯಿತು, ಆ ಬಿಸಿಗೆ ಜೊತೆಯಲ್ಲಿದ್ದ ಬೆರಿಲಿಯಂ ಕಾರ್ಬೈಡ್ ತೇವ ಹಿಡಿದು ಮೀಥೇನ್ ಬಿಟ್ಟಿತು. ರಾತ್ರಿ ಒಂದಾದ ಮೇಲೊಂದು ನಾಲ್ಕು ಡ್ರಮ್ಮುಗಳ ಮುಚ್ಚಳ ಹಾರಿದವು. ಕಟ್ಟಡದಲ್ಲಿ ಆಗ ಯಾರೂ ಇರಲಿಲ್ಲ. ಅಲಾರಂ ಕೇಳಿ ಒಳಗೆ ಹೋದ ಅಗ್ನಿಶಾಮಕದ ಮೂವರ ಚರ್ಮಕ್ಕೆ ಧೂಳು ಹತ್ತಿತ್ತು, ತೊಳೆದು ಕಳಿಸಿದರು.

ಅಗೆಯೋ ಕೆಲಸ 2022ರಲ್ಲಿ ಮುಗೀತು. ತೆಗೆದದ್ದರಲ್ಲಿ ಬಹುಪಾಲು ಈಗ ಟ್ರಕ್ಕುಗಳಲ್ಲಿ ನ್ಯೂ ಮೆಕ್ಸಿಕೋಗೆ ಹೋಗುತ್ತೆ, ನೆಲದಡಿಯ ಉಪ್ಪಿನ ಗಣಿಗೆ. ದಾರಿ ಡೆನ್ವರ್ ಮೇಲೇ. ಆಫೀಸಿಗೆ ಹೋಗೋ ಹೆದ್ದಾರಿಯಲ್ಲಿ ಒಂದೆರಡು ಸಲ ನೋಡಿದೀನಿ, ಟ್ರೇಲರ್ ಮೇಲೆ ದಪ್ಪನೆಯ ಬಿಳೀ ಪೀಪಾಯಿಗಳು, ಹಿಂದಿನವರೆಲ್ಲ ಹಾರ್ನ್ ಮಾಡದೆ ದೂರದಲ್ಲೇ ಬರ್ತಿರ್ತಾರೆ.